ಸಂಘದ ಜಾಲತಾಣಕ್ಕೆ ಯಾವ ಲಾಗಿನ್? ಗೂಗಲ್, ಫೇಸ್‌ಬುಕ್, ಆ್ಯಪಲ್ ಮತ್ತು ಉಳಿದವುಗಳ ಹೋಲಿಕೆ

ಬಡಾವಣೆಯ ನಿವಾಸಿಗಳ ಸಂಘ, ಅಪಾರ್ಟ್‌ಮೆಂಟಿನ ಕನ್ನಡ ಬಳಗ, ಕೆರೆ ಕಾಯುವವರ ಕೂಟ, ಶಾಲೆಯ ಹಳೆಯ ವಿದ್ಯಾರ್ಥಿಗಳ ಸಂಘ, ಹೀಗೆ ಬೆಂಗಳೂರಿನಲ್ಲಿ ಸ್ವಂತ ಜಾಲತಾಣ ಇಟ್ಟುಕೊಂಡಿರುವ ಸಣ್ಣಪುಟ್ಟ ಸಮುದಾಯಗಳು ಬಹಳ. ಅವುಗಳ ಸದಸ್ಯರು ನೀರಿನ ತೊಂದರೆ ಬಂದಾಗಲೋ, ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಮಕ್ಕಳ ಹೆಸರು ಕೊಡುವಾಗಲೋ ಮಾತ್ರ ಲಾಗಿನ್ ಆಗುತ್ತಾರೆ. ಅಪರೂಪಕ್ಕೆ ಬರುವವರಿಗೆ ಪಾಸ್‌ವರ್ಡ್ ನೆನಪಿರುವುದಿಲ್ಲ. ಬನಶಂಕರಿ ಕಡೆಯ ಒಂದು ಬಡಾವಣೆಯ ಸಂಘದ ತಾಣವನ್ನು ನಾನು ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತೇನೆ. ಮೊದಲ ವರ್ಷ ನನಗೆ ಬಂದ ಕರೆಗಳಲ್ಲಿ ಹೆಚ್ಚಿನವು ತಾಣದೊಳಗೆ ಹೋಗುವುದು ಹೇಗೆ ಎಂದು ಕೇಳುವವರವೇ ಆಗಿದ್ದವು.

ಇದಕ್ಕೆ ಎಲ್ಲರೂ ಹೇಳುವ ಪರಿಹಾರವೆಂದರೆ, ಸದಸ್ಯರು ಈಗಾಗಲೇ ಇಟ್ಟುಕೊಂಡಿರುವ ಗೂಗಲ್ ಅಥವಾ ಫೇಸ್‌ಬುಕ್ ಖಾತೆಯಿಂದಲೇ ಒಳಗೆ ಬರಲು ಬಿಡುವುದು. ಪರಿಹಾರ ಸರಿಯಾದದ್ದೇ. ಆದರೆ ಯಾವ ಕಂಪನಿಯ ಬಟನ್ ಇಡಬೇಕು, ಎಷ್ಟು ಇಡಬೇಕು ಎಂಬುದನ್ನು ಯೋಚಿಸದೆ ಸಿಕ್ಕಿದ್ದನ್ನೆಲ್ಲ ಸಾಲಾಗಿ ಜೋಡಿಸಿದರೆ, ಹಳೆಯ ತೊಂದರೆ ಹೋಗಿ ಹೊಸ ತೊಂದರೆ ಬರುತ್ತದೆ. ನನ್ನ ತೀರ್ಮಾನವನ್ನು ಮೊದಲೇ ಹೇಳುತ್ತೇನೆ. ಹೆಚ್ಚಿನ ಸಂಘಗಳಿಗೆ ಗೂಗಲ್ ಒಂದು ಮತ್ತು ಇಮೇಲಿಗೆ ಒಟಿಪಿ ಕಳಿಸುವ ಸ್ವಂತ ದಾರಿ ಒಂದು, ಇವೆರಡು ಸಾಕು. ಮೂರನೆಯದನ್ನು ಸೇರಿಸಲು ಆ ಸಮುದಾಯಕ್ಕೇ ಸಂಬಂಧಿಸಿದ ಒಂದು ಕಾರಣ ಇರಬೇಕು.

ಒಳಗೆ ನಡೆಯುವುದೇನು

ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನಿಂತ ಕಾವಲುಗಾರರು ಅತಿಥಿಯನ್ನು ತಡೆದು, ಇಂಟರ್‌ಕಾಮಿನಲ್ಲಿ ಮನೆಗೆ ಕರೆ ಮಾಡಿ, "ಮೇಡಂ, ನಿಮ್ಮ ಮನೆಗೆ ಅಂತ ಒಬ್ಬರು ಬಂದಿದ್ದಾರೆ, ಕಳಿಸಲಾ?" ಎಂದು ಕೇಳುತ್ತಾರೆ. ಮನೆಯ ಕೀಲಿ ಅವರ ಕೈಗೆ ಬರುವುದಿಲ್ಲ. "ಹೌದು, ಕಳಿಸಿ" ಎಂಬ ಮಾತು ಮಾತ್ರ ಬರುತ್ತದೆ. ಗೂಗಲ್ ಬಟನ್ ಒತ್ತಿದಾಗ ಆಗುವುದೂ ಇದೇ. ಸದಸ್ಯರ ಬ್ರೌಸರ್ ನಮ್ಮ ತಾಣ ಬಿಟ್ಟು ಗೂಗಲ್ ಪುಟಕ್ಕೆ ಹೋಗುತ್ತದೆ, ಗೂಗಲ್ ತನ್ನ ರೀತಿಯಲ್ಲಿ ಅವರನ್ನು ಪರೀಕ್ಷಿಸಿ ಒಪ್ಪಿಗೆ ಕೇಳುತ್ತದೆ, ಆಮೇಲೆ ಒಂದು ಅಲ್ಪಾಯುಷಿ ಕೋಡ್ ಕೊಟ್ಟು ಹಿಂದಕ್ಕೆ ಕಳಿಸುತ್ತದೆ. ನಮ್ಮ ಸರ್ವರ್ ಆ ಕೋಡನ್ನೂ ತನ್ನ ರಹಸ್ಯ ಕೀಲಿಯನ್ನೂ ತೋರಿಸಿ, ಬಂದವರು ಯಾರು ಎಂದು ಹೇಳುವ, ಗೂಗಲ್ ಸಹಿ ಮಾಡಿದ ಟೋಕನ್ (ಡಿಜಿಟಲ್ ಗುರುತುಪತ್ರ) ಪಡೆಯುತ್ತದೆ. ಸದಸ್ಯರ ಪಾಸ್‌ವರ್ಡ್ ನಮ್ಮ ಕಡೆಗೆ ಬರುವುದೇ ಇಲ್ಲ, ಹಾಗಾಗಿ ನಮ್ಮಿಂದ ಕಳುವಾಗುವ ಪ್ರಶ್ನೆಯೂ ಇಲ್ಲ.

ಇದರ ಹಿಂದೆ ಎರಡು ನಿಯಮಾವಳಿಗಳಿವೆ. 2012ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಓಆತ್ 2.0 ಅನುಮತಿಗೆ ಸಂಬಂಧಿಸಿದ್ದು. ಅದರ ಮೇಲೆ ಕಟ್ಟಿ 2014ರ ಫೆಬ್ರವರಿಯಲ್ಲಿ ಹೊರತಂದ ಓಪನ್‌ಐಡಿ ಕನೆಕ್ಟ್ ಗುರುತಿಗೆ ಸಂಬಂಧಿಸಿದ್ದು. ನಮಗೆ ಬೇಕಾದದ್ದು ಗುರುತು ಮಾತ್ರ. ಹೆಸರು ಮತ್ತು ಇಮೇಲ್ ಇವಿಷ್ಟನ್ನು ಕೇಳಿದರೆ ಗೂಗಲ್ ದೊಡ್ಡ ಪರಿಶೀಲನೆಗೆ ಒಳಪಡಿಸುವುದಿಲ್ಲ, ಸದಸ್ಯರಿಗೂ ಗಾಬರಿಯಾಗುವುದಿಲ್ಲ. ಕ್ಯಾಲೆಂಡರ್, ಸಂಪರ್ಕ ಪಟ್ಟಿ ಎಂದೆಲ್ಲ ಕೇಳುವ ಒಪ್ಪಿಗೆಯ ಪುಟವನ್ನು ಕಂಡು ಹಿಂದೆ ಸರಿದವರನ್ನು ಬುದ್ಧಿವಂತರೆಂದೇ ಹೇಳಬೇಕು.

ಗೂಗಲ್

ಆಂಡ್ರಾಯ್ಡ್ ಫೋನ್ ಇರುವವರ ಬಳಿ ಸಾಮಾನ್ಯವಾಗಿ ಗೂಗಲ್ ಖಾತೆ ಇದ್ದೇ ಇರುತ್ತದೆ. ಎಷ್ಟೋ ಹಿರಿಯರಿಗೆ ಅದು ಇದೆಯೆಂಬುದೇ ಗೊತ್ತಿರುವುದಿಲ್ಲ. ಫೋನ್ ಕೊಂಡ ದಿನ ಅಂಗಡಿಯ ಹುಡುಗ ಮಾಡಿಕೊಟ್ಟ ಜಿಮೇಲ್ ಅದು, ಪಾಸ್‌ವರ್ಡ್ ಅವನಿಗೂ ಮರೆತಿರುತ್ತದೆ. ಆದರೂ ಫೋನ್ ಒಳಗೇ ಲಾಗಿನ್ ಆಗಿರುವುದರಿಂದ ಒಂದು ಬಟನ್ ಒತ್ತಿದರೆ ಅವರು ನೇರ ಒಳಗೆ ಬರುತ್ತಾರೆ. ನನ್ನ ಅನುಭವದಲ್ಲಿ ಅರವತ್ತು ದಾಟಿದವರಿಗೆ ಇದರಷ್ಟು ಸಲೀಸಾದದ್ದು ಬೇರೊಂದಿಲ್ಲ.

ಸಂಘದ ಕಡೆಯಿಂದ ಖರ್ಚಿಲ್ಲ. ತಾಣ ಕಟ್ಟುವವರಿಗಾಗಿ ಗೂಗಲ್ ಇಟ್ಟಿರುವ ಕ್ಲೌಡ್ ಕನ್ಸೋಲ್ ಪುಟದಲ್ಲಿ ಪ್ರಾಜೆಕ್ಟ್ ತೆರೆದು, ಒಪ್ಪಿಗೆಯ ಪುಟಕ್ಕೆ ಹೆಸರು, ಖಾಸಗಿತನ ನೀತಿಯ ಕೊಂಡಿ ಕೊಟ್ಟು, ಸದಸ್ಯರನ್ನು ಹಿಂದಕ್ಕೆ ಕಳಿಸಬೇಕಾದ ವಿಳಾಸವನ್ನು ನಮೂದಿಸಬೇಕು. ಈ ವಿಳಾಸ ಅಕ್ಷರಶಃ ಹೊಂದಬೇಕು. ಕೊನೆಯಲ್ಲಿ ಒಂದು ಓರೆಗೆರೆ ಹೆಚ್ಚಾದರೂ 400 ಸಂಖ್ಯೆಯ ದೋಷ ಬರುತ್ತದೆ. ಪ್ರಾಜೆಕ್ಟನ್ನು ಪರೀಕ್ಷಾ ಹಂತದಲ್ಲೇ ಬಿಟ್ಟರೆ ಹೆಸರು ಕೊಟ್ಟ 100 ಮಂದಿಯನ್ನು ಮಾತ್ರ ಪರೀಕ್ಷಕರಾಗಿ ಸೇರಿಸಬಹುದು. ಅದನ್ನು ಮರೆತು ತಾಣ ಉದ್ಘಾಟಿಸಿದ ಸಂಘವೊಂದನ್ನು ಕಂಡಿದ್ದೇನೆ. ಸಮಿತಿಯವರೆಲ್ಲ ಸಲೀಸಾಗಿ ಒಳಗೆ ಹೋದರು, ಸದಸ್ಯರೆಲ್ಲ ಹೊರಗುಳಿದರು.

ಗೂಗಲ್‌ನ ತೊಡಕುಗಳಲ್ಲಿ ಒಂದು ನಮ್ಮ ಊರಿನಲ್ಲಿ ವಿಶೇಷವಾಗಿ ಕಾಡುವಂಥದ್ದು. ಐಟಿ ಕಂಪನಿಯಲ್ಲಿ ಕೆಲಸ ಮಾಡುವವರು ಆಫೀಸಿನ ಲ್ಯಾಪ್‌ಟಾಪಿನಲ್ಲಿ ತಾಣ ತೆರೆದು, ಅಲ್ಲಿ ಕಾಣುವ ಆಫೀಸಿನ ಗೂಗಲ್ ಖಾತೆಯನ್ನೇ ಒತ್ತಿಬಿಡುತ್ತಾರೆ. ಕೆಲವು ಕಂಪನಿಗಳು ಹೊರಗಿನ ತಾಣಗಳಿಗೆ ಆ ಖಾತೆ ಬಳಸುವುದನ್ನು ತಡೆದಿರುತ್ತವೆ. ತಡೆಯದಿದ್ದರೂ, ಕೆಲಸ ಬಿಟ್ಟ ದಿನ ಆ ಖಾತೆ ಹೋಗುತ್ತದೆ. ಅದರೊಂದಿಗೆ ನಮ್ಮ ತಾಣದ ಸದಸ್ಯತ್ವವೂ ಹೋದಂತೆಯೇ. ಬಟನ್ ಕೆಳಗೆ "ದಯವಿಟ್ಟು ಆಫೀಸಿನ ಇಮೇಲ್ ಬೇಡ, ನಿಮ್ಮ ಸ್ವಂತದ್ದು ಬಳಸಿ" ಎಂದು ಒಂದು ಸಾಲು ಬರೆದ ಮೇಲೆ ನಮ್ಮಲ್ಲಿ ಈ ತೊಂದರೆ ಬಹುಮಟ್ಟಿಗೆ ನಿಂತಿತು.

ಇನ್ನೊಂದು ತೊಡಕು ಕಾಣುವುದು ತಾಣದ ಕೊಂಡಿಯನ್ನು ಇನ್‌ಸ್ಟಾಗ್ರಾಮ್ ಅಥವಾ ಫೇಸ್‌ಬುಕ್ ಆ್ಯಪ್ ಒಳಗಿಂದ ತೆರೆದಾಗ. ಆ ಆ್ಯಪ್‌ಗಳು ತಮ್ಮದೇ ಪುಟ್ಟ ಬ್ರೌಸರಿನಲ್ಲಿ ಕೊಂಡಿಯನ್ನು ತೋರಿಸುತ್ತವೆ. ಅಂಥ ಒಳಬ್ರೌಸರುಗಳಲ್ಲಿ ಗೂಗಲ್ ಸುರಕ್ಷತೆಯ ಕಾರಣಕ್ಕೆ ಲಾಗಿನ್ ಮಾಡಲು ಬಿಡದೆ 403 ದೋಷ ತೋರಿಸುತ್ತದೆ. ತಪ್ಪು ತಾಣದ್ದಲ್ಲ, ಆದರೆ ಬೈಗುಳ ತಾಣಕ್ಕೇ. ಕೊಂಡಿಯನ್ನು ಕ್ರೋಮ್‌ನಲ್ಲಿ ತೆರೆಯಿರಿ ಎಂಬ ಸೂಚನೆಯನ್ನು ಅಂಥ ಬ್ರೌಸರ್ ಕಂಡಾಗ ತೋರಿಸುವಂತೆ ಮಾಡಬೇಕು.

ಫೇಸ್‌ಬುಕ್

ಸಂಘದ ಚಟುವಟಿಕೆ ಮೊದಲಿನಿಂದ ಫೇಸ್‌ಬುಕ್ ಗುಂಪಿನಲ್ಲಿಯೇ ನಡೆದು ಬಂದಿದ್ದರೆ ಈ ಬಟನ್ ಇಡುವುದಕ್ಕೆ ಅರ್ಥವಿದೆ. ಇಲ್ಲದಿದ್ದರೆ ನಾನು ಇಡುವುದಿಲ್ಲ, ಮತ್ತು ಅದಕ್ಕೆ ಕಾರಣಗಳು ಹಲವು.

ಮೊದಲನೆಯದಾಗಿ, ಇಮೇಲ್ ಸಿಗುತ್ತದೆ ಎಂಬ ಭರವಸೆ ಇಲ್ಲ. ಮೊಬೈಲ್ ನಂಬರಿನಿಂದ ಖಾತೆ ತೆರೆದವರ ಇಮೇಲ್ ಫೇಸ್‌ಬುಕ್ ಬಳಿಯೇ ಇರುವುದಿಲ್ಲ. ಇದ್ದವರೂ ಒಪ್ಪಿಗೆಯ ಪುಟದಲ್ಲಿ ಅದನ್ನು ಕೊಡದೆ ಮುಂದೆ ಹೋಗಬಹುದು. ಸಭೆಯ ಸೂಚನೆಯನ್ನು ಇಮೇಲಿನಲ್ಲಿ ಕಳಿಸುವ ಸಂಘಕ್ಕೆ ಇಂಥ ಸದಸ್ಯರು ಪಟ್ಟಿಯಲ್ಲಿದ್ದೂ ಇಲ್ಲದಂತೆ. ಎರಡನೆಯದಾಗಿ, ಫೇಸ್‌ಬುಕ್ ಕೊಡುವ ಗುರುತಿನ ಸಂಖ್ಯೆ 2014ರಿಂದ ಈಚೆಗೆ ಒಂದೊಂದು ಆ್ಯಪ್‌ಗೆ ಒಂದೊಂದು. ನಾಳೆ ಹೊಸ ಆ್ಯಪ್ ನೋಂದಾಯಿಸಿ ತಾಣವನ್ನು ಹೊಸದಾಗಿ ಕಟ್ಟಿದರೆ ಹಳೆಯ ಸಂಖ್ಯೆಗಳು ಹೊಂದುವುದಿಲ್ಲ. ಮೂರನೆಯದಾಗಿ, ನಿರ್ವಹಣೆಯ ಕೆಲಸ ಹೆಚ್ಚು: ಖಾಸಗಿತನ ನೀತಿಯ ಪುಟವಲ್ಲದೆ, ಸದಸ್ಯರು ತಮ್ಮ ಮಾಹಿತಿ ಅಳಿಸಲು ಕೇಳುವ ದಾರಿಯನ್ನೂ ತೋರಿಸಬೇಕು, ಕಾಲಕಾಲಕ್ಕೆ ಬರುವ ಪರಿಶೀಲನೆಗೆ ಉತ್ತರಿಸಬೇಕು.

ವಿಶ್ವಾಸದ ಪ್ರಶ್ನೆಯೂ ಇದೆ. 2018ರ ಸೆಪ್ಟೆಂಬರ್‌ನಲ್ಲಿ ಬೆಳಕಿಗೆ ಬಂದ ದೋಷದಿಂದ ಸುಮಾರು 3 ಕೋಟಿ ಫೇಸ್‌ಬುಕ್ ಖಾತೆಗಳ ಟೋಕನ್‌ಗಳು ಕಳ್ಳರ ಕೈಗೆ ಸಿಕ್ಕಿದ್ದವು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಅದೇ ಕಂಪನಿಯ ವಾಟ್ಸ್ಆ್ಯಪ್ ಸಹಿತ, ಸುಮಾರು 6 ಗಂಟೆ ಪೂರ್ತಿ ನಿಂತುಹೋಯಿತು. ನಮಗೆ ಆಗ ರಾತ್ರಿ 9 ದಾಟಿತ್ತು, ಹಾಗಾಗಿ ಹೆಚ್ಚಿನವರು ವಾಟ್ಸ್ಆ್ಯಪ್ ಬರುತ್ತಿಲ್ಲವೆಂದು ಗೊಣಗಿ ಮಲಗಿದರು. ಆದರೆ ಫೇಸ್‌ಬುಕ್ ಬಟನ್ ಒಂದನ್ನೇ ನಂಬಿದ್ದ ತಾಣಗಳ ಬಾಗಿಲೂ ಆ ಹೊತ್ತು ಮುಚ್ಚಿದ್ದವು. ಗೂಗಲ್‌ಗೆ ಹೀಗಾಗುವುದಿಲ್ಲವೆಂದು ಅಲ್ಲ. ಹೊರಗಿನ ಒಂದೇ ಬಟನ್ ಮೇಲೆ ತಾಣ ನಿಲ್ಲಬಾರದು ಎನ್ನುವುದಕ್ಕೆ ಈ ಉದಾಹರಣೆ.

ಇನ್‌ಸ್ಟಾಗ್ರಾಮ್ ಬಟನ್ ಇಡಿ ಎಂದು ಯುವಕರು ಕೇಳುತ್ತಾರೆ. ಸಾಮಾನ್ಯ ಖಾತೆಗಳ ಮಾಹಿತಿ ಓದಲು ಇದ್ದ ಅದರ ಹಳೆಯ ಸೌಲಭ್ಯ 2024ರ ಡಿಸೆಂಬರ್‌ನಲ್ಲಿ ನಿಂತಿತು. ಅದಾದರೂ ಲಾಗಿನ್‌ಗೆಂದು ಮಾಡಿದ್ದಾಗಿರಲಿಲ್ಲ.

ಆ್ಯಪಲ್ ಮತ್ತು ಉಳಿದವು

ಖಾಸಗಿತನದ ದೃಷ್ಟಿಯಿಂದ ಆ್ಯಪಲ್ ಲಾಗಿನ್ ಎಲ್ಲಕ್ಕಿಂತ ಮೇಲು. 2019ರ ಜೂನ್‌ನಲ್ಲಿ ಪ್ರಕಟಿಸಿದ ಈ ವ್ಯವಸ್ಥೆಯಲ್ಲಿ ಸದಸ್ಯರು ತಮ್ಮ ನಿಜವಾದ ಇಮೇಲ್ ಮುಚ್ಚಿಟ್ಟು, ಆ್ಯಪಲ್ ಹುಟ್ಟಿಸಿಕೊಡುವ ವಿಳಾಸವನ್ನು ನಮಗೆ ಕೊಡಬಹುದು. ನಾವು ಅಲ್ಲಿಗೆ ಕಳಿಸಿದ್ದು ಅವರಿಗೆ ತಲುಪುತ್ತದೆ, ಇಮೇಲ್ ಕಳಿಸುವ ಡೊಮೇನ್ (ನಮ್ಮ ತಾಣದ ವಿಳಾಸದ ಹೆಸರು) ಆ್ಯಪಲ್ ಬಳಿ ಮೊದಲೇ ನೋಂದಾಯಿಸಿದ್ದರೆ ಮಾತ್ರ. ಆದರೆ ಸಣ್ಣ ಸಂಘಕ್ಕೆ ಇದು ದುಬಾರಿ. ಡೆವಲಪರ್ ಸದಸ್ಯತ್ವಕ್ಕೆ ವರ್ಷಕ್ಕೆ 99 ಡಾಲರ್ ಕಟ್ಟಬೇಕು. ಸದಸ್ಯರ ಹೆಸರನ್ನು ಆ್ಯಪಲ್ ಮೊದಲ ಸಲ ಮಾತ್ರ ಹೇಳುತ್ತದೆ. ಆಗ ಬರೆದಿಟ್ಟುಕೊಳ್ಳದಿದ್ದರೆ ಮುಂದಿನ ಲಾಗಿನ್‌ಗಳಲ್ಲಿ ಸಿಗುವುದಿಲ್ಲ. ಸರ್ವರ್ ತೋರಿಸುವ ರಹಸ್ಯ ಕೀಲಿಗೆ ಹೆಚ್ಚೆಂದರೆ 6 ತಿಂಗಳ ಆಯುಸ್ಸು. ಅದನ್ನು ತಾನಾಗಿ ನವೀಕರಿಸುವ ಪ್ರೋಗ್ರಾಂ ಬರೆಯದ ತಾಣದಲ್ಲಿ ಏಳನೆಯ ತಿಂಗಳು ಆ ಬಟನ್ ಸತ್ತಿರುತ್ತದೆ, ಮತ್ತು ಅಷ್ಟರಲ್ಲಿ ಅದನ್ನು ಹಾಕಿದವರು ಬೇರೆ ಕೆಲಸದಲ್ಲಿ ಮುಳುಗಿರುತ್ತಾರೆ. ಐಫೋನ್ ಆ್ಯಪ್ ಕೂಡ ಮಾಡುವ ಯೋಚನೆ ಇದ್ದರೆ ಮಾತು ಬೇರೆ: ಗೂಗಲ್, ಫೇಸ್‌ಬುಕ್ ಲಾಗಿನ್ ಇಟ್ಟ ಆ್ಯಪ್‌ಗಳು ಖಾಸಗಿತನ ಕಾಯುವ ಇನ್ನೊಂದು ಲಾಗಿನ್ ಕೂಡ ಇಡಬೇಕೆಂಬುದು ಆ್ಯಪ್ ಸ್ಟೋರಿನ ನಿಯಮ, ಆ್ಯಪಲ್‌ನದೇ ಇಟ್ಟರೆ ಅದು ಈಡೇರುತ್ತದೆ.

ಎಕ್ಸ್, ಅಂದರೆ ಹಿಂದಿನ ಟ್ವಿಟರ್, 2023ರಿಂದ ಈಚೆಗೆ ತನ್ನ ಉಚಿತ ಸೌಲಭ್ಯಗಳನ್ನು ಮೊಟಕುಗೊಳಿಸಿದೆ. ಅದನ್ನು ಪರಿಗಣಿಸುವ ಅಗತ್ಯವಿಲ್ಲ. ಲಿಂಕ್ಡ್ಇನ್ 2023ರಿಂದ ಓಪನ್‌ಐಡಿ ಕನೆಕ್ಟ್ ಪ್ರಕಾರವೇ ನಡೆಯುತ್ತಿದ್ದು, ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಒಳ್ಳೆಯ ಮೂರನೆಯ ಆಯ್ಕೆ, ಏಕೆಂದರೆ ಅಲ್ಲಿ ಜನ ಸಾಮಾನ್ಯವಾಗಿ ನಿಜವಾದ ಹೆಸರನ್ನೇ ಇಟ್ಟಿರುತ್ತಾರೆ. ಕನ್ನಡದ ಮುಕ್ತ ತಂತ್ರಾಂಶ ಮಾಡುವವರ ಕೂಟವಾದರೆ, ಅಂಥವರು ತಮ್ಮ ಕೋಡ್ ಇಡುವ ತಾಣವಾದ ಗಿಟ್‌ಹಬ್ ಇರಲಿ. ಬೇರೆಯವರಿಗೆ ಅದು ಬೆಕ್ಕಿನ ಚಿತ್ರವಿರುವ ಒಂದು ಬಟನ್ ಅಷ್ಟೇ.

ಮೊಬೈಲ್ ಒಟಿಪಿ ಏಕೆ ಬೇಡ ಎಂದು ಸಮಿತಿಯ ಸಭೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಬೇಡವೆಂದಲ್ಲ, ಆದರೆ ಖರ್ಚು ಮತ್ತು ಕಾಗದಪತ್ರ ಇವೆರಡನ್ನೂ ಲೆಕ್ಕ ಹಾಕಬೇಕು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2018ರ ನಿಯಮದಂತೆ ಎಸ್‌ಎಂಎಸ್ ಕಳಿಸುವ ಸಂಸ್ಥೆ, ಟೆಲಿಕಾಂ ಕಂಪನಿಗಳು ನಡೆಸುವ ಡಿಎಲ್‌ಟಿ ಎಂಬ ನೋಂದಣಿ ವ್ಯವಸ್ಥೆಯಲ್ಲಿ ತನ್ನನ್ನೂ, ಕಳಿಸುವ ಹೆಸರನ್ನೂ, ಸಂದೇಶದ ಮಾದರಿಯನ್ನೂ ನೋಂದಾಯಿಸಬೇಕು. 2021ರ ಮಾರ್ಚ್ 8ರಂದು ಮಾದರಿಗೆ ಹೊಂದದ ಸಂದೇಶಗಳನ್ನು ತಡೆಯಲು ಹೊರಟಾಗ ಬ್ಯಾಂಕುಗಳ ಒಟಿಪಿಗಳೇ ನಿಂತು, ಟ್ರಾಯ್ ಆ ಕ್ರಮವನ್ನು ಒಂದು ವಾರ ಮುಂದೂಡಬೇಕಾಯಿತು. ಸಂದೇಶ ಕನ್ನಡದಲ್ಲಿರಲಿ ಎಂದುಕೊಂಡರೆ ಒಂದು ಎಸ್‌ಎಂಎಸ್‌ನಲ್ಲಿ ಹಿಡಿಯುವುದು ಇಂಗ್ಲಿಷಿನಂತೆ 160 ಅಲ್ಲ, 70 ಅಕ್ಷರಚಿಹ್ನೆಗಳು. ನಮ್ಮ ಒತ್ತು, ಗುಣಿತಗಳೂ ಅದರಲ್ಲಿ ಬಿಡಿಬಿಡಿಯಾಗಿ ಲೆಕ್ಕಕ್ಕೆ ಬರುತ್ತವೆ. ಇದೆಲ್ಲದರ ಮೇಲೆ, ಬಿಟ್ಟುಕೊಟ್ಟ ಮೊಬೈಲ್ ನಂಬರನ್ನು ಕಂಪನಿಗಳು 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಬಹುದು. ಸಿಮ್ ಬದಲಿಸಿದ ಸದಸ್ಯರ ಖಾತೆಗೆ ಅಪರಿಚಿತರು ಪ್ರವೇಶಿಸುವ ದಾರಿ ಇದು.

ಇಮೇಲ್ ಒಟಿಪಿಗೆ ಈ ಗೋಜಲುಗಳಿಲ್ಲ. ಇಮೇಲ್ ನಿಜಕ್ಕೂ ನಮ್ಮ ತಾಣದ್ದೇ ಎಂದು ತೋರಿಸುವ ಎಸ್‌ಪಿಎಫ್, ಡಿಕೆಐಎಂ ಎಂಬ ದಾಖಲೆಗಳನ್ನು ತಾಣದ ಡೊಮೇನ್‌ಗೆ ಸರಿಯಾಗಿ ಹಾಕಿರಬೇಕು, ಇಲ್ಲದಿದ್ದರೆ ಸಂದೇಶ ಸ್ಪ್ಯಾಮ್ ಪೆಟ್ಟಿಗೆಗೆ ಬೀಳುತ್ತದೆ. ಬಟನ್‌ನಷ್ಟು ಸಲೀಸಲ್ಲ, ಆದರೆ ಯಾವ ಕಂಪನಿ ಮುಚ್ಚಿದರೂ ಈ ದಾರಿ ತೆರೆದಿರುತ್ತದೆ.

ಸದಸ್ಯತ್ವ ಯಾರದು

ಕಂಪನಿ ಮುಚ್ಚಿದರೆ ಎನ್ನುವುದು ಬರಿಯ ಊಹೆಯಲ್ಲ. ಒಂದು ಕಾಲಕ್ಕೆ ನಮ್ಮವರೆಲ್ಲ ಕೂತಿದ್ದ ಗೂಗಲ್‌ನ ಸಾಮಾಜಿಕ ತಾಣ ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಲಾಗಿನ್‌ಗೆಂದೇ ಮೊಜಿಲ್ಲಾ ಕಟ್ಟಿದ್ದ ಪರ್ಸೋನಾ 2016ರ ನವೆಂಬರ್‌ನಲ್ಲಿ ನಿಂತಿತು. ಗೂಗಲ್ ಪ್ಲಸ್ ಹೆಸರಿನ ಲಾಗಿನ್ 2019ರ ಮಾರ್ಚ್‌ನಲ್ಲಿ ಹೋಯಿತು. ಬೆಂಗಳೂರಿನಲ್ಲೇ ಹುಟ್ಟಿದ, ಟ್ವಿಟರ್‌ನಂಥ ತಾಣ 'ಕೂ' 2024ರ ಜುಲೈನಲ್ಲಿ ಅಂಗಡಿ ಮುಚ್ಚಿತು.

ಆದ್ದರಿಂದ ತಾಣದ ಡೇಟಾಬೇಸಿನಲ್ಲಿ ಸದಸ್ಯರಿಗೆ ನಮ್ಮದೇ ಒಂದು ಸಂಖ್ಯೆ ಇರಬೇಕು. ಗೂಗಲ್ ಗುರುತು, ಫೇಸ್‌ಬುಕ್ ಗುರುತು ಎಲ್ಲವೂ ಆ ಸಂಖ್ಯೆಗೆ ತಗುಲಿಹಾಕಿದ ಚೀಟಿಗಳಾಗಿರಬೇಕು. ಒಂದು ಚೀಟಿ ಕಿತ್ತುಹೋದರೂ ಸದಸ್ಯತ್ವ ಉಳಿಯುತ್ತದೆ. ಆ ಚೀಟಿಯಲ್ಲಿ ಬರೆದಿಡಬೇಕಾದದ್ದು ಟೋಕನ್ನಿನಲ್ಲಿ ಬರುವ, ಎಂದೂ ಬದಲಾಗದ ಗುರುತಿನ ಸಂಖ್ಯೆಯನ್ನು. ಇಮೇಲ್ ವಿಳಾಸವನ್ನೇ ಗುರುತೆಂದು ನಂಬಿದರೆ, ವಿಳಾಸ ಬದಲಾದ ದಿನ ಸದಸ್ಯರೂ ಬದಲಾದಂತೆ ಆಗುತ್ತದೆ.

ಬಟನ್‌ಗಳು ಹೆಚ್ಚಿದಷ್ಟೂ ಬರುವ ದೊಡ್ಡ ತೊಂದರೆಯೆಂದರೆ ಒಬ್ಬರಿಗೇ ಎರಡು ಖಾತೆಗಳಾಗುವುದು. ನಮ್ಮ ಬಡಾವಣೆಯ ನಿವೃತ್ತ ಮೇಷ್ಟರೊಬ್ಬರು ಒಂದು ದಿನ ಫೋನ್ ಮಾಡಿ, "ಏನಪ್ಪ, ಎರಡು ವರ್ಷ ನಾನು ಬರೆದದ್ದೆಲ್ಲ ಅಳಿಸಿಬಿಟ್ಟೆಯಲ್ಲ" ಎಂದರು. "ಅಳಿಸಿಲ್ಲ ಸಾರ್. ಹೋದ ಸಲ ಯಾವ ಬಟನ್ ಒತ್ತಿದ್ರಿ?" ಎಂದೆ. "ನೀಲಿದೋ ಬಿಳಿದೋ, ಯಾವುದೋ ಒಂದು ಒತ್ತಿದೆನಪ್ಪ. ಎರಡೂ ನಿಮ್ಮವೇ ಅಲ್ಲವಾ?" ಅವರ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಲಾಗಿನ್ ಪುಟದಲ್ಲಿ "ಹೋದ ಸಲ ನೀವು ಗೂಗಲ್ ಮೂಲಕ ಬಂದಿದ್ದಿರಿ" ಎಂದು ಬ್ರೌಸರಿನ ನೆನಪಿನಿಂದ ತೋರಿಸುತ್ತೇವೆ. ಇಮೇಲ್ ಒಂದೇ ಇದ್ದರೆ ಖಾತೆಗಳನ್ನು ತಾನಾಗಿ ಕೂಡಿಸಬಹುದಲ್ಲ ಎನ್ನಬಹುದು. ಆ ಇಮೇಲ್ ಪರಿಶೀಲಿತವೆಂದು ಗೂಗಲ್ ತನ್ನ ಟೋಕನ್ನಿನಲ್ಲೇ ಹೇಳಿದ್ದರೆ ಕೂಡಿಸಬಹುದು. ಹಾಗೆ ಹೇಳದ ಕಡೆಯಿಂದ ಬಂದ ಇಮೇಲನ್ನು ನಂಬಿ ಕೂಡಿಸಿದರೆ, ಬೇರೊಬ್ಬರ ಇಮೇಲ್ ಹಾಕಿ ಖಾತೆ ತೆರೆದವರಿಗೆ ನಾವೇ ಬಾಗಿಲು ತೆಗೆದಂತೆ. ಅಂಥಲ್ಲಿ ಆ ವಿಳಾಸಕ್ಕೆ ಒಟಿಪಿ ಕಳಿಸಿ ಖಚಿತಪಡಿಸಿಕೊಂಡ ಮೇಲೆ ಮಾತ್ರ ಕೂಡಿಸಬೇಕು.

ಹೆಸರಿನ ವಿಷಯವೂ ಇದೆ. ಗೂಗಲ್ ಕೊಡುವ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ, ಕೆಲವೊಮ್ಮೆ ಮೊಮ್ಮಗನ ಹೆಸರಿನಲ್ಲಿ, ಬರುತ್ತದೆ. ಅಡ್ಡಹೆಸರಿನ (ಸರ್‌ನೇಮ್) ಜಾಗ ನಮ್ಮಲ್ಲಿ ಎಷ್ಟೋ ಮಂದಿಗೆ ಖಾಲಿ, ಅಥವಾ ಅಲ್ಲೊಂದು ಇನಿಷಿಯಲ್. ಅದನ್ನು ಕಡ್ಡಾಯ ಮಾಡಿದ ತಾಣ ಒಳಗೇ ಬಿಡುವುದಿಲ್ಲ. ಬಂದ ಹೆಸರನ್ನು ಸಲಹೆಯೆಂದು ಇಟ್ಟುಕೊಂಡು, ಮೊದಲ ಲಾಗಿನ್‌ನಲ್ಲೇ ಕನ್ನಡದಲ್ಲಿ ತಿದ್ದಿಕೊಳ್ಳಲು ಬಿಡುವುದು ಒಳ್ಳೆಯದು.

ಯಾವ ಬಟನ್ನಿನಿಂದ ಬಂದರೂ ಗೊತ್ತಾಗುವುದು ಈ ಖಾತೆ ಇವರದು ಎಂದು ಮಾತ್ರ. ಇವರು ನಮ್ಮ ಅಡ್ಡರಸ್ತೆಯವರು ಎಂದಲ್ಲ. ನಿವಾಸಿಗಳಿಗೆ ಮಾತ್ರ ಎಂಬ ಭಾಗ ತಾಣದಲ್ಲಿದ್ದರೆ ಸಮಿತಿಯವರು ಮನೆ ನಂಬರ್ ನೋಡಿ ಒಪ್ಪಿಗೆ ಕೊಡುವ ಹಂತ ಬೇಕೇ ಬೇಕು. ಅದಕ್ಕಾಗಿ ಆಧಾರ್ ಪ್ರತಿ ಕೇಳುವ ಸಂಘಗಳಿವೆ. ಅಷ್ಟು ಬೇಡ, ಮತ್ತು ಅದನ್ನು ಜೋಪಾನ ಮಾಡುವ ಶಕ್ತಿಯೂ ಅವುಗಳಿಗಿಲ್ಲ.

ಕಾನೂನಿನ ಭಾಗ

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ್ದು ಬೆಂಗಳೂರಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಪ್ರಕರಣದಲ್ಲಿ. ಆ ಹಾದಿಯಲ್ಲೇ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2023ರ ಆಗಸ್ಟ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. 2025ರ ನವೆಂಬರ್‌ನಲ್ಲಿ ನಿಯಮಗಳು ಪ್ರಕಟವಾಗಿ, ಮುಖ್ಯ ಕರ್ತವ್ಯಗಳ ಪಾಲನೆಗೆ 18 ತಿಂಗಳ ಅವಕಾಶ ಸಿಕ್ಕಿದೆ. ಸಂಘದ ತಾಣಕ್ಕೆ ತಾಗುವ ಅಂಶಗಳು ಎರಡು. ಮಾಹಿತಿ ಏಕೆ ಪಡೆಯುತ್ತೇವೆ ಎಂಬ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ 8ನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಅವಕಾಶ ಸದಸ್ಯರಿಗಿರಬೇಕು, ಅಂದರೆ ಕನ್ನಡದ ಪ್ರತಿ ಕೇಳುವುದು ಅವರ ಹಕ್ಕು. ಎರಡನೆಯದು, 18 ತುಂಬದವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು. ಗೂಗಲ್ ಖಾತೆ ತೆರೆಯಲು ನಮ್ಮ ದೇಶದಲ್ಲಿ 13 ಸಾಕು. ಹಾಗಾಗಿ ಗೂಗಲ್ ಮೂಲಕ ಬಂದರೆಂದ ಮಾತ್ರಕ್ಕೆ ವಯಸ್ಕರೆಂದು ತಿಳಿಯುವಂತಿಲ್ಲ. ಚಿತ್ರಕಲಾ ಸ್ಪರ್ಧೆಗೆ ಮಕ್ಕಳ ಹೆಸರನ್ನು ತಂದೆತಾಯಿಯ ಖಾತೆಯಿಂದಲೇ ನೋಂದಾಯಿಸುವ ಏರ್ಪಾಡು ನಮಗೆ ಅನುಕೂಲವಾಗಿದೆ.

ಕೊನೆಗೆ ಉಳಿಯುವುದು, ಎಲ್ಲರೂ ಮರೆಯುವ ಒಂದು ಕೆಲಸ. ಗೂಗಲ್ ಕನ್ಸೋಲಿನ ಪ್ರಾಜೆಕ್ಟನ್ನು ಸಾಮಾನ್ಯವಾಗಿ ಉತ್ಸಾಹಿ ಸ್ವಯಂಸೇವಕರೊಬ್ಬರು ತಮ್ಮ ಸ್ವಂತ ಖಾತೆಯಲ್ಲಿ ತೆರೆದಿರುತ್ತಾರೆ. ಅವರು ಮನೆ ಬದಲಿಸಿ ಸರ್ಜಾಪುರದ ಕಡೆಗೋ, ಊರು ಬಿಟ್ಟು ಪುಣೆಗೋ ಹೋದ ಮೇಲೆ ಆ ರಹಸ್ಯ ಕೀಲಿಯನ್ನು ಬದಲಿಸಲು ಯಾರಿಗೂ ಆಗುವುದಿಲ್ಲ. ಪ್ರಾಜೆಕ್ಟಿಗೆ ಸಂಘದ ಇಮೇಲನ್ನೂ ಸೇರಿಸಿ ಇಬ್ಬರನ್ನಾದರೂ ಮಾಲೀಕರನ್ನಾಗಿ ಮಾಡಬೇಕು. ನಮ್ಮಲ್ಲಿ ವಾರ್ಷಿಕ ಸಭೆಯಲ್ಲಿ ಹೊಸ ಕಾರ್ಯದರ್ಶಿಗೆ ಬೀರುವಿನ ಕೀಲಿ, ಚೆಕ್ ಪುಸ್ತಕ, ರಸೀದಿ ಪುಸ್ತಕ ಒಪ್ಪಿಸುವ ಪಟ್ಟಿಯಲ್ಲಿ ಈಗ ನಾಲ್ಕನೆಯ ಸಾಲಾಗಿ ಇದನ್ನೂ ಬರೆದು, ಇಬ್ಬರ ಸಹಿ ಹಾಕಿಸುತ್ತೇವೆ.